ಚಿಟ್ಟೆ ಬೇಕಾದವರು ಗಿಡ ನೋಡಿ

ಆಗಸ್ಟ್ 15ರ ಫಲಪುಷ್ಪ ಪ್ರದರ್ಶನ ಮುಗಿದ ಮೇಲೆ ಬೆಂಗಳೂರಿನ ಲಾಲ್‌ಬಾಗ್ ಉಸ್ಸೆಂದು ಕಾಲು ಚಾಚುತ್ತದೆ. ಗಾಜಿನ ಮನೆಯೊಳಗಿನ ಹೂವಿನ ಗೋಪುರಗಳು ಕಳಚಿಕೊಳ್ಳುತ್ತವೆ, ಕುಂಡಗಳು ನರ್ಸರಿಗೆ ಮರಳುತ್ತವೆ, ಸೆಲ್ಫಿಯವರು ಮನೆ ಸೇರುತ್ತಾರೆ. ಸೆಪ್ಟೆಂಬರ್ ನಡುವಿನ ಹೊತ್ತಿಗೆ ಅಲ್ಲಿ ಇನ್ನೊಂದು ಬಗೆಯ ಜನ ಕಾಣಿಸಿಕೊಳ್ಳುತ್ತಾರೆ. ಕೊರಳಲ್ಲಿ ಕ್ಯಾಮೆರಾ, ಮಂಡಿಯಲ್ಲಿ ಕೆಸರು. ಅಂದವಾಗಿ ಕತ್ತರಿಸಿದ ಹೂವಿನ ಮಡಿಗಳಿಗೆ ಬೆನ್ನು ಹಾಕಿ, ಯಾವುದೋ ಕಳೆಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಾರೆ. ವಾಕಿಂಗಿಗೆ ಬಂದ ಹಿರಿಯರೊಬ್ಬರು ನಿಂತು, ‘ಏನ್ ಸಾರ್, ಹಾವಾ?’ ಎನ್ನುತ್ತಾರೆ. ‘ಅಲ್ಲ ಸಾರ್, ಚಿಟ್ಟೆ’ ಎಂದರೆ ಅವರ ಮುಖದಲ್ಲಿ ತುಸು ನಿರಾಶೆಯೇ ಕಾಣುತ್ತದೆ.

ಫೋಟೊ ತೆಗೆಯುವ ಸಂಗತಿಯನ್ನು ಬಾನುಲಿಯಲ್ಲಿ ಹೇಳಹೊರಡುವುದು ಕೊಂಚ ವಿಚಿತ್ರವೇ. ಕೇಳುಗರಿಗೆ ಒಂದು ಚಿತ್ರವನ್ನೂ ತೋರಿಸುವಂತಿಲ್ಲ. ಆದರೆ ಚಿಟ್ಟೆಯ ಫೋಟೊದಲ್ಲಿ ಕಣ್ಣಿಗಿಂತ ಮೊದಲು ಕೆಲಸ ಮಾಡಬೇಕಾದದ್ದು ತಿಳಿವಳಿಕೆ. ಯಾವ ಚಿಟ್ಟೆ ಯಾವ ಗಿಡಕ್ಕೆ, ಯಾವ ಹೊತ್ತಿಗೆ, ಏತಕ್ಕೆ ಬರುತ್ತದೆ ಎಂಬುದು ಗೊತ್ತಿದ್ದರೆ ಅರ್ಧ ಫೋಟೊ ತೆಗೆದ ಹಾಗೆಯೇ. ಆ ಅರ್ಧವನ್ನು ಮಾತಿನಲ್ಲಿ ಹೇಳಲು ಅಡ್ಡಿಯಿಲ್ಲ.

ಮೊದಲು ಕಾಲದ ಮಾತು. ಪಂಚಾಂಗದ ಲೆಕ್ಕಕ್ಕೆ ಆಶ್ವಯುಜ, ಕಾರ್ತಿಕಗಳು ಶರದೃತು. ಯುರೋಪಿನ ಶರತ್ಕಾಲದಲ್ಲಿ ಎಲೆ ಹಣ್ಣಾಗಿ ಉದುರಿದರೆ ನಮ್ಮಲ್ಲಿ ಅದೇ ಹೊತ್ತಿಗೆ ಎಲೆ ಮೆತ್ತಗೆ ಹಸಿರಾಗಿ ತುಂಬಿಕೊಂಡಿರುತ್ತದೆ. ಸರಾಸರಿ ಲೆಕ್ಕದಲ್ಲಿ ಬೆಂಗಳೂರಿಗೆ ಅತಿ ಹೆಚ್ಚು ಮಳೆ ಸುರಿಯುವ ತಿಂಗಳು ಸೆಪ್ಟೆಂಬರ್. ಉತ್ತರೆ ಸುರಿದು, ಹಸ್ತ ಹೊಯ್ದು, ಚಿತ್ತೆ ಬಂದುಹೋಗುವ ಈ ಅವಧಿಯಲ್ಲಿ ಮಳೆ ಬಹುಮಟ್ಟಿಗೆ ಮಧ್ಯಾಹ್ನದ ಮೇಲಿನದು, ಸಂಜೆಯದು. ಬೆಳಗ್ಗೆ ಬಿಸಿಲು, ಸಂಜೆ ಮಳೆ, ರಾತ್ರಿ ತಂಪು. ಜೂನ್‌ನಿಂದ ಚಿಗುರಿದ ಎಲೆಗಳನ್ನು ತಿಂದ ಹುಳಗಳೆಲ್ಲ ಚಿಟ್ಟೆಗಳಾಗಿ ಹೊರಬೀಳುವುದು ಈಗಲೇ. ದೇಶದ ಚಿಟ್ಟೆ ಆಸಕ್ತರು 2020ರಿಂದ ಸೆಪ್ಟೆಂಬರನ್ನು ‘ಬಿಗ್ ಬಟರ್‌ಫ್ಲೈ ಮಂತ್’ ಎಂದು ಆಚರಿಸುತ್ತ ಬಂದಿರುವುದಕ್ಕೂ ಈ ಮಳೆಯ ಲೆಕ್ಕಕ್ಕೂ ಸಂಬಂಧವಿದೆ.

ಇನ್ನು ಸ್ಥಳ. ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ ಇದು. ಟಿಪ್ಪು ಹೊರದೇಶಗಳಿಂದ ಬೀಜ, ಸಸಿ ತರಿಸಿ ಬೆಳೆಸಿದ. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಆಮೇಲೆ ಇಂಗ್ಲೆಂಡಿನ ಕ್ಯೂ ತೋಟದಲ್ಲಿ ಪಳಗಿದ ವಿಲಿಯಂ ನ್ಯೂ, ಜಾನ್ ಕ್ಯಾಮರೂನ್ ಬಂದರು. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಜರ್ಮನ್ ತೋಟಗಾರ ಕೃಂಬಿಗಲ್, ಅವರ ನಂತರ ಜವರಾಯ, ಮರಿಗೌಡ – ಹೀಗೆ ಒಬ್ಬೊಬ್ಬರೂ ತಮ್ಮ ಮರಗಳನ್ನು ಇಲ್ಲಿ ನಿಲ್ಲಿಸಿ ಹೋದರು. ಈಗ ಸುಮಾರು 240 ಎಕರೆ. ದಕ್ಷಿಣ ಅಮೆರಿಕದ ನಾಗಲಿಂಗ, ಆಸ್ಟ್ರೇಲಿಯ ಕಡೆಯ ಅರಕೇರಿಯ, ಆಫ್ರಿಕದ ನೀರುಕಾಯಿ ಮರ, ಅಕ್ಕಪಕ್ಕದಲ್ಲಿ ನಮ್ಮದೇ ಮಾವು, ಅತ್ತಿ, ಹೊಂಗೆ.

ಇಷ್ಟು ದೇಶಗಳ ಗಿಡ ಒಂದೆಡೆ ಇದ್ದರೆ ಚಿಟ್ಟೆಗೆ ಹಬ್ಬವೇ ಎಂದು ಅನ್ನಿಸುವುದು ಸಹಜ. ಅರ್ಧ ನಿಜ. ಮಕರಂದದ ವಿಷಯದಲ್ಲಿ ಚಿಟ್ಟೆಗೆ ಮಡಿಮೈಲಿಗೆ ಇಲ್ಲ. ಅಮೆರಿಕದಿಂದ ಬಂದ ಲಂಟಾನ, ಅದೇ ಖಂಡದ ಟ್ರೈಡಾಕ್ಸ್ ಕಳೆ, ಕುಂಡದ ಜಿನಿಯಾ, ಪೆಂಟಾಸ್ – ಸೊಂಡಿಲು ಇಳಿಯುವಷ್ಟು ಕೊಳವೆ, ಕೂರುವಷ್ಟು ಜಾಗ ಇದ್ದರೆ ಸಾಕು. ಮೊಟ್ಟೆ ಇಡುವಾಗ ಮಾತ್ರ ತಾಯಿಚಿಟ್ಟೆ ತೀರ ಹಟಮಾರಿ. ಮುಂಗಾಲಿನಿಂದ ಎಲೆಯನ್ನು ತಟ್ಟಿ ತಟ್ಟಿ ರುಚಿ ನೋಡುತ್ತದೆ. ತನ್ನ ಹುಳಕ್ಕೆ ಹಿಡಿಸುವ ಎಲೆಯಲ್ಲವೆಂದು ಕಂಡರೆ ಹಾರಿಹೋಗುತ್ತದೆ. ಹೀಗಾಗಿ ಲಕ್ಷ ಹೂವಿನ ಮಡಿಯಲ್ಲಿ ಚಿಟ್ಟೆ ಅತಿಥಿ ಮಾತ್ರ. ಅದರ ಮನೆ ಇರುವುದು ತೋಟದವರು ಕಿತ್ತೆಸೆಯುವ ಗಿಡಗಳಲ್ಲಿ.

ನೆಲದಲ್ಲಿ ಹರಡಿಕೊಳ್ಳುವ ಪುಟ್ಟ ಹುಳಿಸೊಪ್ಪನ್ನೇ ನೋಡಿ. ಮಾಲಿಗೆ ಅದು ಕಳೆ. ಪೇಲ್ ಗ್ರಾಸ್ ಬ್ಲೂ ಎಂಬ, ಹೆಬ್ಬೆರಳ ಉಗುರಿನಷ್ಟೇ ಅಗಲದ ತಿಳಿನೀಲಿ ಚಿಟ್ಟೆಗೆ ಅದೇ ತೊಟ್ಟಿಲು. ಕಾಡುಬಸಳೆಯ ದಪ್ಪ ಎಲೆಯಲ್ಲಿ ರೆಡ್ ಪಿಯೆರೋ ಚಿಟ್ಟೆಯ ಹುಳ ಎಲೆಯ ಎರಡು ಪದರಗಳ ನಡುವೆ ಸುರಂಗ ಕೊರೆದು, ಒಳಗೇ ತಿನ್ನುತ್ತ ಬೆಳೆಯುತ್ತದೆ. ಬೆಳಕಿಗೆ ಹಿಡಿದಂತಿರುವ ಎಲೆಯಲ್ಲಿ ಹುಳದ ನೆರಳು ಕಾಣುತ್ತದೆ. ಹರಳಿನ ಗಿಡಕ್ಕೆ ಕಾಮನ್ ಕ್ಯಾಸ್ಟರ್, ಕರಿಬೇವು ಮತ್ತು ನಿಂಬೆಗೆ ಲೈಮ್ ಚಿಟ್ಟೆ, ಕಣಗಲೆಗೆ ಕಾಮನ್ ಕ್ರೋ. ಶಾಲೆ, ಕಚೇರಿಗಳ ಕಾಂಪೌಂಡಿನಲ್ಲಿ ನೆಟ್ಟಗೆ ಕಂಬದ ಹಾಗೆ ನಿಲ್ಲುವ, ಜನ ಅಶೋಕವೆಂದೇ ಕರೆಯುವ ಮರದ ಚಿಗುರೆಲೆಗೆ ಟೇಲ್ಡ್ ಜೇ ಎಂಬ ಹಸಿರು ಚುಕ್ಕೆಯ ಚಿಟ್ಟೆ ಬರುತ್ತದೆ. ಅದು ಒಂದು ಕ್ಷಣ ನೆಟ್ಟಗೆ ಕೂರುವುದಿಲ್ಲ. ಅದರ ಹಿಂದೆ ಓಡಿದವರು ಸುಸ್ತಾಗುತ್ತಾರೆ, ಆ ಮರದ ತುಸು ತಗ್ಗಿನ ಚಿಗುರಿನ ಮುಂದೆ ಕಾದವರಿಗೆ ಮೊಟ್ಟೆ ಇಡಲು ಬಂದ ಹೆಣ್ಣು ಸಿಗುತ್ತದೆ.

ಎಕ್ಕದ ಗಿಡದ ಬಳಿ ನಿಲ್ಲಲೇಬೇಕು. ಶನಿವಾರ ಹನುಮಂತನಿಗೆ ಹಾರವಾಗುವ ಈ ಗಿಡ ದನ ಮುಟ್ಟದ ಹಾಲುಗಿಡ. ಪ್ಲೇನ್ ಟೈಗರ್ ಚಿಟ್ಟೆಯ ಹುಳಕ್ಕೆ ಅದೇ ಊಟ. ಹುಳ ತಿನ್ನುವ ಮೊದಲು ಎಲೆಯ ನರವನ್ನೇ ಕಡಿದು ಹಾಲಿನ ಹರಿವನ್ನು ತಡೆಯುತ್ತದೆ, ಆಮೇಲೆ ಆಚೆ ಬದಿಯ ಎಲೆಯನ್ನು ನೆಮ್ಮದಿಯಾಗಿ ಮೇಯುತ್ತದೆ. ಎಕ್ಕದ ವಿಷವನ್ನು ಮೈಯಲ್ಲೇ ಉಳಿಸಿಕೊಂಡ ಹುಳ ಚಿಟ್ಟೆಯಾದಾಗ ಹಕ್ಕಿಗೆ ಕಹಿ. ಒಮ್ಮೆ ಕುಕ್ಕಿ ಉಗುಳಿದ ಹಕ್ಕಿ ಆ ಕಿತ್ತಳೆ, ಕಪ್ಪು, ಬಿಳಿ ಬಣ್ಣವನ್ನು ಮರೆಯುವುದಿಲ್ಲ. ಅದಕ್ಕೇ ಈ ಟೈಗರುಗಳು ಗಡಿಬಿಡಿಯಿಲ್ಲದೆ, ಜಮೀನ್ದಾರರ ನಡಿಗೆಯಲ್ಲಿ ಹಾರುತ್ತವೆ. ಹೊಸದಾಗಿ ಕ್ಯಾಮೆರಾ ಹಿಡಿದವರು ಕಲಿಯಬೇಕಾದದ್ದು ಇವುಗಳ ಮೇಲೆಯೇ. ಲೈಮ್ ಚಿಟ್ಟೆ, ಮಾರ್ಮನ್ ಚಿಟ್ಟೆಗಳ ಹಾಗೆ ಹೂವಿನ ಮೇಲೂ ರೆಕ್ಕೆ ಬಡಿಯುತ್ತಲೇ ಇರುವ ಜಾತಿಗಳಿಗೆ ಶಟರ್ ವೇಗ ಸೆಕೆಂಡಿನ ಸಾವಿರದ ಒಂದಂಶಕ್ಕಾದರೂ ಏರಬೇಕು. ಟೈಗರ್‌ಗೆ ಇನ್ನೂರೈವತ್ತರ ಒಂದಂಶವೂ ನಡೆಯುತ್ತದೆ.

ಕಹಿಯ ಹೆಸರಲ್ಲಿ ಬದುಕುವ ಸೋಗಿನವರೂ ಉಂಟು. ಈ ಅಧ್ಯಾಯ ಸ್ವಲ್ಪ ನಿಧಾನವಾಗಿ ಹೇಳಬೇಕಾದದ್ದು, ಯಾಕೆಂದರೆ ಫೋಟೊದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಈಶ್ವರಿ ಬಳ್ಳಿಯ ಎಲೆ ತಿಂದು ಬೆಳೆಯುವ ಕಾಮನ್ ರೋಸ್, ಕ್ರಿಮ್ಸನ್ ರೋಸ್ ಎಂಬ ಎರಡು ಚಿಟ್ಟೆಗಳೂ ವಿಷದವು. ಕಪ್ಪು ರೆಕ್ಕೆ, ಕೆಂಪು ಚುಕ್ಕೆ. ಕಾಮನ್ ಮಾರ್ಮನ್ ಎಂಬ ಕರಿಬೇವಿನ ಚಿಟ್ಟೆ ವಿಷದ್ದಲ್ಲ, ಹಕ್ಕಿಗೆ ರುಚಿಯಾದ ತುತ್ತು. ಅದರ ಗಂಡಿಗೆ ಎಲ್ಲ ಕಡೆಯೂ ಒಂದೇ ವೇಷ: ಕರಿ ರೆಕ್ಕೆಯ ಮೇಲೆ ಬಿಳಿ ಪಟ್ಟಿ. ಹೆಣ್ಣಿಗೆ ನಮ್ಮ ಕಡೆ ಮೂರು ವೇಷ. ಒಂದು ಗಂಡಿನ ಹಾಗೆಯೇ, ಒಂದು ಕಾಮನ್ ರೋಸಿನ ಪಡಿಯಚ್ಚು, ಇನ್ನೊಂದು ಕ್ರಿಮ್ಸನ್ ರೋಸಿನದು. ಇವು ಬೇರೆ ಬೇರೆ ಜಾತಿಯಲ್ಲ, ಒಂದೇ ಚಿಟ್ಟೆಯ ಹೆಣ್ಣುಗಳು ಎಂದು ವಿವರಿಸಿದವನು ಆಲ್‌ಫ್ರೆಡ್ ರಸೆಲ್ ವಾಲೇಸ್, 1865ರಲ್ಲಿ. ಈ ವೇಷಗಳನ್ನೆಲ್ಲ ನಿಯಂತ್ರಿಸುವುದು ‘ಡಬಲ್‌ಸೆಕ್ಸ್’ ಎಂಬ ಒಂದೇ ಜೀನ್ ಎಂದು 2014ರಲ್ಲಿ ತೋರಿಸಿದ ತಂಡದ ಪ್ರಮುಖರಲ್ಲೊಬ್ಬರು ಕೃಷ್ಣಮೇಘ ಕುಂಟೆ. ಅವರ ಪ್ರಯೋಗಾಲಯ ಇರುವುದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಲಾಲ್‌ಬಾಗಿನಿಂದ ಊರಿನ ಇನ್ನೊಂದು ತುದಿಗೆ.

ಇದರಿಂದ ಫೋಟೊಗ್ರಾಫರ್ ಕಲಿಯುವುದೇನು? ರೆಕ್ಕೆಯೊಂದನ್ನೇ ತುಂಬಿಸಿಕೊಂಡ ಚಿತ್ರ ಎಷ್ಟೇ ಸೊಗಸಾಗಿದ್ದರೂ ಅದು ರೋಸೋ ಮಾರ್ಮನ್ನೋ ಹೇಳುವುದು ಕಷ್ಟ. ಮೈ ಕಾಣಬೇಕು. ರೋಸಿನ ಮೈ ಕೆಂಪು. ವೇಷಧಾರಿ ಮಾರ್ಮನ್ನಿನ ಮೈ ಕಪ್ಪು. ಬಣ್ಣದ ರೆಕ್ಕೆಯನ್ನು ಕದ್ದವಳು ಕೆಂಪು ಹೊಟ್ಟೆಯನ್ನು ಮಾತ್ರ ಕದಿಯಲಿಲ್ಲ. ಹೀಗೆಯೇ ಪ್ಲೇನ್ ಟೈಗರಿನ ವೇಷ ಹಾಕುವ ಡನಾಯ್ಡ್ ಎಗ್‌ಫ್ಲೈ ಹೆಣ್ಣನ್ನು ಹಿಡಿಯಬೇಕಾದರೆ ಹಿಂದಿನ ರೆಕ್ಕೆಯ ಕಪ್ಪು ಚುಕ್ಕೆ ಎಣಿಸಬೇಕು. ಅಸಲಿಗೆ ರೆಕ್ಕೆಯ ನಡುವೆ ಮೂರೋ ನಾಲ್ಕೋ ಚುಕ್ಕೆ, ನಕಲಿಗೆ ಮೇಲಂಚಿನಲ್ಲಿ ಒಂದು. ಎಗ್‌ಫ್ಲೈಯ ಗಂಡನ್ನು ನೋಡಿದರಂತೂ ಇವೆರಡೂ ಗಂಡ ಹೆಂಡತಿ ಎಂದು ಯಾರೂ ನಂಬಲಾರರು: ಅವನು ಕಡುಗಪ್ಪು, ಮೇಲೆ ನೇರಳೆ ಅಂಚಿನ ದೊಡ್ಡ ಬಿಳಿ ಬೊಟ್ಟುಗಳು.

ಈಗ ಬೆಳಕಿನ ಮಾತು. ಚಿಟ್ಟೆಗೆ ನಮ್ಮ ಹಾಗೆ ಒಳಗಿನ ಬಿಸಿಯಿಲ್ಲ. ಹಾರುವ ಸ್ನಾಯುಗಳು ಕೆಲಸ ಶುರುಮಾಡಬೇಕಾದರೆ ಮೈ ಬಿಸಿಲಲ್ಲಿ ಕಾಯಬೇಕು. ಆದ್ದರಿಂದ ಬೆಳಗ್ಗೆ ಬಿಸಿಲು ಬಿದ್ದ ಮೊದಲ ಗಂಟೆಯಲ್ಲಿ ಪ್ಯಾನ್ಸಿ ಚಿಟ್ಟೆಗಳಂಥವು ರೆಕ್ಕೆ ಅಗಲಿಸಿ ಎಲೆಯ ಮೇಲೆ, ಕಲ್ಲಿನ ಮೇಲೆ ಒರಗಿರುತ್ತವೆ. ಎಲ್ಲ ಚಿಟ್ಟೆಯೂ ಹೀಗೆ ರೆಕ್ಕೆ ಬಿಚ್ಚುವುದಿಲ್ಲ. ಹಳದಿ ಎಮಿಗ್ರಂಟ್ ಚಿಟ್ಟೆಗಳು ರೆಕ್ಕೆ ಮಡಚಿ, ಬದಿಯನ್ನು ಸೂರ್ಯನಿಗೆ ಒಡ್ಡುತ್ತವೆ. ಅವು ರೆಕ್ಕೆ ತೆರೆದು ಕೂತ ಚಿತ್ರ ಬೇಕೆಂದು ಹಟ ಹಿಡಿದು ಕಾಯುವುದು ಕಾಲಹರಣ. ಕಾಮನ್ ಜೆಜೆಬೆಲ್ ಚಿಟ್ಟೆಯ ಕತೆಯೇ ಬೇರೆ: ಅದರ ಮೇಲ್ಮೈ ಬಿಳಿ, ಕರಿ ಗೆರೆ, ಅಷ್ಟೇನೂ ವಿಶೇಷವಿಲ್ಲ. ಬಣ್ಣವೆಲ್ಲ ಕೆಳಮೈಯಲ್ಲಿ, ಅರಿಸಿನ ಕುಂಕುಮ ಬಳಿದಂತೆ. ಅದರ ಹುಳ ಮರದ ಕೊಂಬೆಗಳಲ್ಲಿ ಬೆಳೆಯುವ ಬಂದಳಿಕೆಯ ಎಲೆ ತಿನ್ನುವುದರಿಂದ ಚಿಟ್ಟೆಯೂ ಮರದೆತ್ತರದಲ್ಲೇ ಸುಳಿದಾಡುತ್ತದೆ. ಕೆಳಗಿನಿಂದ ನೋಡುವವರಿಗೆ ಕೆಳಮೈಯೇ ಕಾಣಬೇಕಾದದ್ದು. ಈ ಮಟ್ಟಿಗೆ ಜೆಜೆಬೆಲ್ ಫೋಟೊಗ್ರಾಫರನಿಗೆ ಅನುಕೂಲವನ್ನೇ ಮಾಡಿಕೊಟ್ಟಿದೆ.

ಸೆಪ್ಟೆಂಬರ್ ನಾಲ್ಕನೆಯ ವಾರದ ಹೊತ್ತಿಗೆ ಹಗಲು ರಾತ್ರಿ ಸಮ. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಆಗ ನಡುಹಗಲ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ. ಹತ್ತು ಗಂಟೆ ದಾಟಿದ ಮೇಲೆ ನೆರಳು ಕಪ್ಪಗೆ ಕೆಳಗೆ ಕುಸಿಯುತ್ತದೆ, ಬಿಳಿ ಹೂವು ಸುಣ್ಣದ ಗೋಡೆಯಾಗುತ್ತದೆ. ಕಿಸ್ಕಾರದ ಕೆಂಪು ಹೂಗೊಂಚಲಂತೂ ಕ್ಯಾಮೆರಾದಲ್ಲಿ ದಳದ ಗೆರೆಯೇ ಕಾಣದ ಕೆಂಪು ಮುದ್ದೆಯಾಗಿ ಬರುತ್ತದೆ. ಹೂವಿಗೆ ಮೋಡವೇ ಒಳ್ಳೆಯದು. ಹಸ್ತದ ಮೋಡ ಸೂರ್ಯನನ್ನು ಮುಚ್ಚಿದೊಡನೆ ಚಿಟ್ಟೆಗಳು ಎಲೆಯ ಅಡಿಗೆ ಸರಿಯುತ್ತವೆ. ಆಗ ಗಿಡದ ಫೋಟೊ. ಬಿಸಿಲು ಮರಳಿದಾಗ ಚಿಟ್ಟೆಯ ಫೋಟೊ. ಒಂದೇ ಬೆಳಗನ್ನು ಹೀಗೆ ಎರಡಕ್ಕೂ ಹಂಚಿಕೊಡುವ ಹವೆ ವರ್ಷದಲ್ಲಿ ಈ ಕೆಲವು ವಾರ ಮಾತ್ರ.

ಯಂತ್ರದ ವಿಷಯ ಚುಟುಕಾಗಿ ಮುಗಿಸಬಹುದು. ಮ್ಯಾಕ್ರೊ ಲೆನ್ಸ್ ಇದ್ದರೆ 100 ಮಿ.ಮೀ. ಆಸುಪಾಸಿನದು ಒಳ್ಳೆಯದು, ಚಿಟ್ಟೆಯಿಂದ ತುಸು ದೂರವಿದ್ದೇ ತೆಗೆಯಬಹುದು. ವಸ್ತುವನ್ನು ಅದರ ನಿಜಗಾತ್ರಕ್ಕೆ ಸೆನ್ಸರಿನ ಮೇಲೆ ಮೂಡಿಸುವಷ್ಟು ಹತ್ತಿರ ಹೋದರೆ, ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಿ ಎಫ್/8ರಲ್ಲೂ ಸ್ಪಷ್ಟವಾಗಿ ಬರುವ ಆಳ ಸುಮಾರು 1 ಮಿ.ಮೀ. ಮಾತ್ರ. ಕಣ್ಣು ನಿಚ್ಚಳವಾದರೆ ರೆಕ್ಕೆಯ ತುದಿ ಮಸುಕು. ಅರ್ಧಗಾತ್ರಕ್ಕೆ ಹಿಂದೆ ಸರಿದರೆ ಆ ಆಳ ಸುಮಾರು 3 ಮಿ.ಮೀ. ಆಗುತ್ತದೆ. ಉಪಾಯ ಇಷ್ಟೇ: ಮಡಚಿದ ರೆಕ್ಕೆಗೆ ಲೆನ್ಸನ್ನು ಸಮಾನಾಂತರವಾಗಿ ಹಿಡಿಯುವುದು. ಪರಿಣತರು ಚಿಟ್ಟೆಯ ಪಕ್ಕಕ್ಕೆ ಇಂಚಿಂಚೇ ಜರುಗುತ್ತ ನೆಲಕ್ಕೆ ಬೀಳುವುದು ಈ ಸಮಾನಾಂತರಕ್ಕಾಗಿ. ಮೊಬೈಲಿನವರು ಹಿಂಜರಿಯಬೇಕಿಲ್ಲ, ಈಗಿನ ಫೋನುಗಳು ಟೈಗರ್, ಕ್ರೋಗಳಂಥ ದೊಡ್ಡ ಚಿಟ್ಟೆಗೆ ಸಾಕಷ್ಟಾದವು. ಹಿನ್ನೆಲೆಯನ್ನು ಕೃತಕವಾಗಿ ಮಸುಕು ಮಾಡುವ ‘ಪೋರ್ಟ್ರೇಟ್’ ಸೌಲಭ್ಯವನ್ನು ಮಾತ್ರ ಬಳಸದಿರುವುದೇ ವಾಸಿ. ಅದು ಎಷ್ಟೋ ಸಲ ಚಿಟ್ಟೆಯ ಎರಡೂ ಮೀಸೆಗಳನ್ನು ನುಂಗಿಬಿಡುತ್ತದೆ. ಮೀಸೆಯ ತುದಿ ಗುಂಡಗಿದ್ದರೆ ಚಿಟ್ಟೆ, ಗರಿಯಂತೆಯೋ ದಾರದಂತೆಯೋ ಇದ್ದರೆ ಬಹುಮಟ್ಟಿಗೆ ಪತಂಗ. ಆ ಗುರುತೇ ಹೋದರೆ ಏನು ಬಂತು?

ಹತ್ತಿರ ಹೋಗುವ ಬಗೆಗೂ ಒಂದು ಮಾತು. ಚಿಟ್ಟೆಯ ಸಂಯುಕ್ತ ಕಣ್ಣಿಗೆ ಹೆಚ್ಚುಕಡಿಮೆ ಸುತ್ತೆಲ್ಲ ಕಾಣುತ್ತದೆ. ಆದರೆ ಅದನ್ನು ಬೆಚ್ಚಿಬೀಳಿಸುವುದು ಆಕಾರಕ್ಕಿಂತ ಅಲುಗಾಟ, ಮೇಲೆ ಬಿದ್ದ ನೆರಳು. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ನಡೆದರೆ ನಮಗಿಂತ ಮೊದಲು ನಮ್ಮ ನೆರಳೇ ಅದನ್ನು ಮುಟ್ಟುತ್ತದೆ.

ಇನ್ನು ಎಷ್ಟು ಚಿತ್ರ ತೆಗೆಯಬೇಕೆಂಬ ಮಾತು. ಟಿ.ಎನ್.ಎ. ಪೆರುಮಾಳ್ ಅವರಂಥ ಬೆಂಗಳೂರಿನ ಹಿರಿಯ ವನ್ಯಜೀವಿ ಛಾಯಾಗ್ರಾಹಕರು ಬಹುಕಾಲ ಕೆಲಸ ಮಾಡಿದ್ದು ಫಿಲ್ಮಿನಲ್ಲಿ. ಒಂದು ರೋಲಿಗೆ 36 ಚಿತ್ರ. ತೊಳೆದು ಬರುವವರೆಗೆ ಏನು ಸಿಕ್ಕಿದೆಯೆಂದು ತಿಳಿಯದು. ಈಗ ಒಂದೇ ಚಿಟ್ಟೆಗೆ ನಿಮಿಷದಲ್ಲಿ ನೂರು ಚಿತ್ರ ಸುರಿಯಬಹುದು. ಸುರಿದವರ ಚಿತ್ರಗಳೆಲ್ಲ ಒಂದೇ ಥರ ಇರುವುದೂ ಅದಕ್ಕೇ.

ಗಿಡದ ಚಿತ್ರಕ್ಕೆ ಲಾಲ್‌ಬಾಗಿನಲ್ಲಿ ಈ ಕ್ಯಾಮೆರಾದವರಿಗಿಂತ ಹಳೆಯ ಪರಂಪರೆ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಇಪ್ಪತ್ತನೆಯದರ ಮೊದಲಿಗೆ ಚೆಲುವಯ್ಯ ರಾಜು ಎಂಬ ಕಲಾವಿದರು ತೋಟದ ಸಸ್ಯಗಳನ್ನು ಬಣ್ಣದಲ್ಲಿ ಬರೆದಿಟ್ಟರು. ಸಸ್ಯಚಿತ್ರದ ಪದ್ಧತಿಯೇ ಹಾಗೆ: ಹೂವೊಂದನ್ನೇ ಬರೆದರೆ ಮುಗಿಯಲಿಲ್ಲ, ಎಲೆಯ ಜೋಡಣೆ, ಮೊಗ್ಗು, ಸೀಳಿದ ಹೂವಿನ ಒಳಭಾಗ, ಕಾಯಿ, ಬೀಜ ಎಲ್ಲವೂ ಒಂದೇ ಹಾಳೆಯಲ್ಲಿ ಬರಬೇಕು. ಇವತ್ತಿನ ಕ್ಯಾಮೆರಾದವರು ಅರಳಿದ ಹೂವಿನ ಮುಖ ತೆಗೆದು ಹೊರಟುಬಿಡುತ್ತಾರೆ. ಆಮೇಲೆ ಹೆಸರು ಕೇಳಿದರೆ ಸಸ್ಯಶಾಸ್ತ್ರಜ್ಞರೂ ತಲೆ ಕೆರೆದುಕೊಳ್ಳುತ್ತಾರೆ. ಎಲೆ ಎದುರುಬದುರೋ ಪರ್ಯಾಯವೋ, ಎಲೆಯಡಿ ರೋಮವಿದೆಯೋ, ತೊಗಟೆ ಹೇಗಿದೆ – ಇವುಗಳಿಲ್ಲದ ಹೂವಿನ ಚಿತ್ರ ವಿಳಾಸವಿಲ್ಲದ ಲಕೋಟೆ.

ನಾಗಲಿಂಗ ಮರದ ಮುಂದೆ ಹೀಗೆ ನಿಂತು ನೋಡಬೇಕು. ಹೂವು ಬಿಡುವುದು ಕಾಂಡದಲ್ಲಿ, ನೇತಾಡುವ ಕಡ್ಡಿಗೊಂಚಲಿನಲ್ಲಿ. ಹೆಡೆಯಂತೆ ಬಾಗಿದ ಭಾಗದಲ್ಲಿ ಒಂದು ಬಗೆಯ ಕೇಸರ, ಲಿಂಗವೆಂದು ಜನ ಭಾವಿಸುವ ನಡುಭಾಗದ ಸುತ್ತ ಇನ್ನೊಂದು ಬಗೆಯದು. ಪರಿಮಳ ಇಡೀ ದಾರಿಗೆ ಹರಡಿದ್ದರೂ ಒಳಗೆ ಮಕರಂದವಿಲ್ಲ. ಅಲ್ಲಿಗೆ ಬರುವುದು ಪರಾಗಕ್ಕಾಗಿ ದುಂಬಿ, ಜೇನು. ಅಷ್ಟು ದೊಡ್ಡ, ಅಷ್ಟು ಚೆಂದದ ಹೂವಿನ ಮುಂದೆ ಚಿಟ್ಟೆಗಾಗಿ ಕಾಯುವುದು ವ್ಯರ್ಥ. ಹತ್ತು ಹೆಜ್ಜೆ ಆಚೆ ಹುಲ್ಲಿನಲ್ಲಿ ಗುಂಡಿಯಷ್ಟೂ ಇಲ್ಲದ ಟ್ರೈಡಾಕ್ಸ್ ಹೂವಿನ ಮೇಲೆ ಅರ್ಧ ಗಂಟೆಯಲ್ಲಿ ಐದಾರು ಬಗೆಯ ಚಿಟ್ಟೆ ಬಂದುಹೋಗುವುದುಂಟು.

ಆ ಹುಲ್ಲನ್ನು ಇನ್ನೊಂದು ಕಾರಣಕ್ಕೂ ನೋಡಬೇಕು. ಶರತ್ಕಾಲದ ಈ ತುದಿಯಲ್ಲಿ ಕೆಲವು ಚಿಟ್ಟೆಗಳು ಉಡುಪು ಬದಲಿಸುತ್ತವೆ. ಕಾಮನ್ ಈವನಿಂಗ್ ಬ್ರೌನ್ ಎಂಬ ಕಂದು ಚಿಟ್ಟೆಯ ಹುಳ ಹುಲ್ಲು, ಭತ್ತ ತಿಂದು ಬೆಳೆಯುತ್ತದೆ. ಮಳೆಗಾಲದ ಪೀಳಿಗೆಯ ಕೆಳರೆಕ್ಕೆಯಲ್ಲಿ ಸಾಲು ಸಾಲು ಕಣ್ಣುಬೊಟ್ಟು. ಬೇಸಿಗೆಯತ್ತ ಹುಟ್ಟಿದ ಪೀಳಿಗೆಗೆ ಆ ಬೊಟ್ಟೆಲ್ಲ ಮಾಯವಾಗಿ ಒಣಗಿದ ಎಲೆಯ ಬಣ್ಣ, ಒಂದೊಂದೂ ಒಂದೊಂದು ಎಲೆಯ ಹಾಗೆ. ಪೀಕಾಕ್ ಪ್ಯಾನ್ಸಿಯಲ್ಲಿ ರೆಕ್ಕೆಯ ಅಂಚೇ ಬದಲಾಗುತ್ತದೆ, ಮಳೆಗಾಲದಲ್ಲಿ ನುಣುಪು, ಒಣಗಾಲದಲ್ಲಿ ಎಲೆಯ ತೊಟ್ಟಿನಂತೆ ಚೂಪು. ಹಸಿರು ಇರುವಾಗ ಚಿಟ್ಟೆ ಓಡಾಡಬೇಕು, ಹಕ್ಕಿಯ ಕೊಕ್ಕು ತಲೆಯ ಬದಲು ಅಂಚಿನ ಬೊಟ್ಟಿಗೆ ಬಿದ್ದರೆ ಜೀವ ಉಳಿಯುತ್ತದೆ. ಒಣಗಾಲದಲ್ಲಿ ಸುಮ್ಮನೆ ಬಿದ್ದಿರಬೇಕು, ಆಗ ಎಲೆಯಂತೆ ಕಾಣುವುದೇ ಕ್ಷೇಮ. ಅಕ್ಟೋಬರ್ ಕಳೆಯುತ್ತ ಹೋದಂತೆ ಎರಡೂ ಉಡುಪಿನ ಚಿಟ್ಟೆಗಳು ಒಂದೇ ತೋಟದಲ್ಲಿ ಸಿಗಬಲ್ಲವು. ಒಂದೇ ಜಾತಿಯ ಎರಡು ವೇಷವನ್ನು ಒಂದೇ ತಿಂಗಳಲ್ಲಿ ಚಿತ್ರದಲ್ಲಿ ಹಿಡಿಯುವುದು ಯಾವ ದುಬಾರಿ ಲೆನ್ಸಿನಿಂದಲೂ ಬರದ ಭಾಗ್ಯ. ಅದು ಕ್ಯಾಲೆಂಡರಿನಿಂದ ಬರುತ್ತದೆ.

ಇದೇ ತಿಂಗಳುಗಳಲ್ಲಿ ಇನ್ನೊಂದು ಮೆರವಣಿಗೆ. ಮುಂಗಾರಿಗೆ ಮೊದಲು ಪಶ್ಚಿಮ ಘಟ್ಟದಿಂದ ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ, ಡಬಲ್ ಬ್ರ್ಯಾಂಡೆಡ್ ಕ್ರೋ ಚಿಟ್ಟೆಗಳು ಪೂರ್ವದ ಬಯಲಿಗೆ, ಪೂರ್ವಘಟ್ಟಗಳ ಕಡೆಗೆ ಗುಂಪುಗುಂಪಾಗಿ ವಲಸೆ ಹೋಗುತ್ತವೆ. ಘಟ್ಟದ ಜಡಿಮಳೆಯಿಂದ ತಪ್ಪಿಸಿಕೊಳ್ಳುವ ದಾರಿ ಅದು. ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ಪಡುವಣಕ್ಕೆ ಮರುಪಯಣ. ದಾರಿಯಲ್ಲಿರುವ ಬೆಂಗಳೂರಿನ ತೋಟಗಳು ಅವಕ್ಕೆ ತಂಗುದಾಣ. ಕಾಯಿ ಒಣಗಿದ ಮೇಲೆ ಅಲುಗಿಸಿದರೆ ಗಿಲಿಗಿಲಿ ಸದ್ದು ಮಾಡುವ ಕ್ರೊಟಲೇರಿಯ ಗಿಡ, ಚೇಳಿನ ಬಾಲದಂತೆ ಹೂಗೊಂಚಲು ಸುರುಳಿಯಾಗುವ ಹೀಲಿಯೊಟ್ರೋಪಿಯಂ – ಇವುಗಳ ಬಾಡಿದ ಕಡ್ಡಿಗೆ ಈ ಗಂಡುಚಿಟ್ಟೆಗಳು ಮುಗಿಬೀಳುತ್ತವೆ. ಹೂವಿಗಲ್ಲ, ಕಡ್ಡಿಗೆ. ಅಲ್ಲಿಂದ ಹೀರುವ ಒಂದು ಬಗೆಯ ಆಲ್ಕಲಾಯ್ಡ್ ಅವಕ್ಕೆ ಹೆಣ್ಣನ್ನು ಒಲಿಸುವ ಗಂಧಕ್ಕೂ ಬೇಕು, ಶತ್ರುವನ್ನು ಓಡಿಸುವ ಕಹಿಗೂ ಬೇಕು. ಅಷ್ಟು ಮೈಮರೆತು ಕೂರುವುದರಿಂದ ಕ್ಯಾಮೆರಾ ಒಂದಡಿ ದೂರಕ್ಕೆ ಬಂದರೂ ಏಳುವುದಿಲ್ಲ. ತೋಟದ ಮೂಲೆಯಲ್ಲಿ ಹೀಗೊಂದು ಒಣಗಿಡ ಕಂಡಿದ್ದರೆ ಕತ್ತಿ, ಕೊಡಲಿ ಬರುವ ಮುನ್ನ ಹೋಗಿ ನೋಡಿಬರುವುದು ಜಾಣತನ.

ಕಾಮನ್ ಕ್ರೋ ಚಿಟ್ಟೆಯ ಗೂಡಿನ ಸುದ್ದಿ ಹೇಳದಿದ್ದರೆ ಈ ಮಾತು ಪೂರ್ತಿಯಾಗದು. ಕಣಗಲೆ ಎಲೆಯ ಅಡಿಯಲ್ಲಿ ತಲೆಕೆಳಗಾಗಿ ನೇತಾಡುವ ಈ ಗೂಡು ಬಂಗಾರದ್ದೋ ಬೆಳ್ಳಿಯದ್ದೋ ಎನ್ನುವಷ್ಟು ಹೊಳೆಯುತ್ತದೆ. ಲೋಹದ ಚೂರೂ ಅದರಲ್ಲಿಲ್ಲ. ಸಿಪ್ಪೆಯ ತೆಳುಪದರಗಳು ಬೆಳಕನ್ನು ಹಿಂದಕ್ಕೆ ತಳ್ಳುವ ಚಮತ್ಕಾರ. ಅದರ ಫೋಟೊ ತೆಗೆಯುವುದು ಮಾತ್ರ ತಲೆನೋವು. ಕನ್ನಡಿಯಂಥ ಮೈಯಲ್ಲಿ ಎಲೆ, ಆಕಾಶ, ಫ್ಲ್ಯಾಶ್, ಕೊನೆಗೆ ಫೋಟೊ ತೆಗೆಯುವವರ ಅಂಗಿಯ ಬಣ್ಣವೂ ಕಾಣಿಸುತ್ತದೆ. ಫ್ಲ್ಯಾಶಿಗೆ ಬಿಳಿ ಬಟ್ಟೆಯನ್ನೋ ತೆಳು ಕಾಗದವನ್ನೋ ಅಡ್ಡ ಹಿಡಿದರೆ ತುಸು ವಾಸಿ. ಮಂದ ಬಣ್ಣದ ಅಂಗಿ ತೊಟ್ಟು ಹೋದರೆ ಇನ್ನೂ ವಾಸಿ.

ಇಷ್ಟೆಲ್ಲ ಕಷ್ಟ ಬೇಡವೆಂದು ಅಡ್ಡದಾರಿ ಹಿಡಿಯುವವರಿದ್ದಾರೆ. ಚಿಟ್ಟೆಯನ್ನು ಹಿಡಿದು, ಡಬ್ಬಿಯಲ್ಲಿ ತಣ್ಣಗಿಟ್ಟು, ರೆಕ್ಕೆ ಬಡಿಯಲಾಗದ ಸ್ಥಿತಿಯಲ್ಲಿ ಹೂವಿನ ಮೇಲಿಟ್ಟು ತೆಗೆದ ಚಿತ್ರಗಳು ಸ್ಪರ್ಧೆಗಳಿಗೂ ಬರುತ್ತವೆ. ಗುರುತಿಸುವುದು ಅಷ್ಟೇನೂ ಕಷ್ಟವಲ್ಲ: ಚಿಟ್ಟೆ ತಾನು ಎಂದೂ ಕೂರದ ಹೂವಿನ ಮೇಲೆ, ಎಂದೂ ಕೂರದ ಭಂಗಿಯಲ್ಲಿ, ಇಬ್ಬನಿಯ ಹೆಸರಲ್ಲಿ ಸಿಂಪಡಿಸಿದ ನೀರಿನೊಂದಿಗೆ ಕೂತಿರುತ್ತದೆ. ಗಿಡ ಗೊತ್ತಿದ್ದವರ ಕಣ್ಣಿಗೆ ಮೊದಲು ಸಿಕ್ಕಿಬೀಳುವುದು ಗಿಡವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಲವು ಚಿಟ್ಟೆಗಳಿಗೂ ರಕ್ಷಣೆ ಕೊಟ್ಟಿದೆ ಎಂಬುದನ್ನು ಇಂಥವರು ಮರೆಯುತ್ತಾರೆ. ಹಾಗೆಯೇ, ಅಂದದ ಹಿನ್ನೆಲೆಗೆಂದು ಅಡ್ಡ ಬಂದ ಎಲೆಗಳನ್ನು ಚಿವುಟುವ ಚಾಳಿ. ಆ ಎಲೆಯ ಅಡಿಯಲ್ಲಿ ಮೊಟ್ಟೆ ಇರಬಹುದು. ತುಂಡಾದ ರೆಕ್ಕೆಯ ಚಿಟ್ಟೆ ಕಂಡರೆ ‘ಚೆನ್ನಾಗಿಲ್ಲ’ ಎಂದು ಮುಂದೆ ಹೋಗುವವರೂ ಬಹಳ. ಹಿಂದಿನ ಎರಡು ರೆಕ್ಕೆಗಳಲ್ಲೂ ಒಂದೇ ಆಕಾರದ ಕಚ್ಚು ಇದ್ದರೆ ಅದು ರೆಕ್ಕೆ ಮಡಚಿ ಕೂತಾಗ ಹಕ್ಕಿಯ ಕೊಕ್ಕು ಬಿದ್ದ ಗುರುತು; ಮಾಸಿದ ಬಣ್ಣ ಅದರ ವಯಸ್ಸು. ಹೊಚ್ಚಹೊಸ ಚಿಟ್ಟೆಯ ಚಿತ್ರದಲ್ಲಿ ಈ ಯಾವ ಕತೆಯೂ ಇಲ್ಲ.

ಚಿಟ್ಟೆಯನ್ನೇ ನೋಡಲು ಮಾಡಿದ ತಾಣಗಳೂ ಇವೆ. ಬನ್ನೇರುಘಟ್ಟದಲ್ಲಿ 2006ರಲ್ಲಿ ತೆರೆದ ಚಿಟ್ಟೆ ಉದ್ಯಾನ ದೇಶದಲ್ಲೇ ಮೊದಲನೆಯದು. ಮುಚ್ಚಿದ ಗುಮ್ಮಟದೊಳಗೆ ಹೂಗಿಡ, ಹರಿಯುವ ನೀರು, ಚಿಟ್ಟೆ. ಮಕ್ಕಳನ್ನು ಕರೆದೊಯ್ಯಲು ಒಳ್ಳೆಯ ಜಾಗ. ಮೂಡುಬಿದಿರೆ ಬಳಿಯ ಬೆಳುವಾಯಿಯ ಚಿಟ್ಟೆ ಉದ್ಯಾನದಲ್ಲಿ ಇನ್ನೊಂದು ದಾರಿ: ಬಲೆಯಿಲ್ಲ, ಗುಮ್ಮಟವಿಲ್ಲ, ಹುಳಗಳಿಗೆ ಬೇಕಾದ ಗಿಡಗಳನ್ನು ಬೆಳೆಸಿದ್ದಾರೆ, ಚಿಟ್ಟೆಗಳು ತಾವಾಗಿ ಬರುತ್ತವೆ. ಕರ್ನಾಟಕದ ರಾಜ್ಯ ಚಿಟ್ಟೆಯೆನಿಸಿದ ಸದರ್ನ್ ಬರ್ಡ್‌ವಿಂಗ್, ಕಪ್ಪು ಮುಂಗರಿ, ಹಳದಿ ಹಿಂಗರಿಯ ಆ ಪಾತರಗಿತ್ತಿ, ರೆಕ್ಕೆ ಬಿಚ್ಚಿದರೆ 190 ಮಿ.ಮೀ.ವರೆಗೂ ಹರಡಬಲ್ಲದು. ಘಟ್ಟದ ತೋಟಗಳಲ್ಲಿ ಅದನ್ನು ಎದುರುಗೊಳ್ಳುವುದಕ್ಕೂ ಈಶ್ವರಿ ಬಳ್ಳಿಯ ವಂಶವೇ ಬೇಕು. ಕ್ಯಾಮೆರಾದವರ ದೃಷ್ಟಿಯಿಂದ ಬೆಳುವಾಯಿಯ ದಾರಿಯೇ ಮೇಲು. ಗುಮ್ಮಟದೊಳಗಿನ ಚಿತ್ರದಲ್ಲಿ ಚಿಟ್ಟೆ ಚೆನ್ನಾಗಿ ಬರುತ್ತದೆ. ಅದು ಯಾಕೆ ಅಲ್ಲಿದೆ ಎಂಬುದು ಬರುವುದಿಲ್ಲ.

ತೆಗೆದ ಚಿತ್ರಗಳನ್ನು ಏನು ಮಾಡುವುದು? ಹೆಚ್ಚಿನವು ಫೋನಿನಲ್ಲೇ ಕೊಳೆಯುತ್ತವೆ. ತಾರೀಕು, ಜಾಗ, ಕೂತಿದ್ದ ಗಿಡದ ಹೆಸರು, ಆಗ ಮಾಡುತ್ತಿದ್ದ ಕೆಲಸ – ಹೀರುತ್ತಿತ್ತೋ, ಮೊಟ್ಟೆ ಇಡುತ್ತಿತ್ತೋ, ಬಿಸಿಲು ಕಾಯುತ್ತಿತ್ತೋ – ಇಷ್ಟನ್ನು ಬರೆದು ‘ಬಟರ್‌ಫ್ಲೈಸ್ ಆಫ್ ಇಂಡಿಯಾ’ದಂಥ ಜಾಲತಾಣಕ್ಕೋ ಐನ್ಯಾಚುರಲಿಸ್ಟ್‌ಗೋ ಕೊಟ್ಟರೆ ಸಂಶೋಧಕರ ಕೈಗೆ ಸಿಗುತ್ತದೆ. ಚಿಟ್ಟೆಯ ಚಿತ್ರಗಳು ಎಷ್ಟಾದರೂ ಬರುತ್ತವೆ, ಹುಳದ ಚಿತ್ರ ಕಡಿಮೆ, ಹುಳ ತಿನ್ನುತ್ತಿರುವ ಎಲೆಯ ಹೆಸರು ಬರೆದದ್ದು ಇನ್ನೂ ಕಡಿಮೆ. ಲಾಲ್‌ಬಾಗಿನಲ್ಲಿ ಈ ಕೊರತೆ ತುಂಬುವುದು ಬೇರೆಡೆಗಿಂತ ಸುಲಭ. ಅಲ್ಲಿನ ಎಷ್ಟೋ ಮರಗಳಿಗೆ ಹೆಸರಿನ ಫಲಕ ನೇತುಹಾಕಿದ್ದಾರೆ. ಎಲೆಯ ಚಿತ್ರ ತೆಗೆದ ಮೇಲೆ ಕ್ಯಾಮೆರಾವನ್ನು ಒಂದು ಸಲ ಆ ಫಲಕದ ಕಡೆಗೂ ತಿರುಗಿಸಿದರೆ ಆಯಿತು. ಕಳೆಗಿಡಗಳಿಗೆ ಮಾತ್ರ ಯಾರೂ ಫಲಕ ಬರೆದಿಲ್ಲ. ಅವುಗಳ ಹೆಸರನ್ನು ಹುಲ್ಲು ಕೀಳುವ ಕೆಲಸದವರನ್ನೇ ಕೇಳಬೇಕು, ಅವರಿಗೆ ಬಹಳಷ್ಟು ಗೊತ್ತಿರುತ್ತದೆ.